ಕಾರ್ಬುರೇಟರ್ ಬರುವ ತನಕ

ಮೈಸೂರಿನಿಂದ ಬರಬೇಕು, ಎಂದ ಹಂಝ,
ಒಂದು ವಾರ, ಹೆಚ್ಚೆಂದರೆ ಹತ್ತು ದಿನ.
ನನ್ನ ಸ್ಕೂಟರನ್ನು ಗೋಡೆಗೆ ಒರಗಿಸಿ
ಹೊಟ್ಟೆ ಬಿಚ್ಚಿಟ್ಟ.
ಹಾಗೆ ಶುರುವಾಯಿತು ನೋಡಿ,
ಯಾವ ಡಾಕ್ಟರೂ ಹೇಳದೆ, ಯಾವ ಹರಕೆಯೂ ಇಲ್ಲದೆ,
ಆರ್ಜಿಯಿಂದ ವಿರಾಜಪೇಟೆಯ ನೋಂದಣಿ ಕಚೇರಿಗೆ
ಗುಮಾಸ್ತೆಯ ನಡಿಗೆ.

ಮೊದಲ ದಿನ ನಾಚಿಕೆ.
ದಾಟಿಹೋದವರೆಲ್ಲ ಬ್ರೇಕು ಹಾಕಿ ಕೇಳಿದರು,
"ಏನಾಯ್ತು ದೇಚಮ್ಮ? ಮನೆಯಲ್ಲಿ ಎಲ್ಲ ಸರಿಯಿದೆಯಾ?"
ನಡೆಯುವವಳಿಗೆ ಏನೋ ಆಗಿರಲೇಬೇಕು ಎಂಬಂತೆ.
ಹದಿನಾಲ್ಕು ವರ್ಷ ಈ ರಸ್ತೆಯಲ್ಲಿ
ನಾವು ಒಬ್ಬರಿಗೊಬ್ಬರು ಬರೀ ಹಾರನ್ನು.
ಚುಟುಕಾಗಿ ಎರಡು ಸಲ ಪೀಂ ಪೀಂ ಅಂದರೆ ಕಾಳಯ್ಯ,
ತಿರುವಿನುದ್ದಕ್ಕೂ ಎಳೆದರೆ ವರ್ಗೀಸ್ ಮಾಸ್ಟರು.
ಮಾಸ್ಟರ ಎಡಗಾಲು ಸ್ವಲ್ಪ ಕುಂಟುತ್ತದೆಂದು
ನನಗೆ ತಿಳಿದದ್ದು ಮೊನ್ನೆ,
ಅವರು ಜೀಪು ಬದಿಗೆ ಹಾಕಿ
ಮೋರಿಯ ತನಕ ಜೊತೆಗೆ ಬಂದಾಗ.
ಆ ಮೋರಿಯ ಕಲ್ಲಿನ ಮೇಲೆ ಒಂದು ಇಸವಿ ಇದೆ, ಗೊತ್ತೆ?
ಪಾಚಿ ಕೆರೆದು ಓದಿದೆವು ಇಬ್ಬರೂ.
ಮೂರು ಅಂಕಿ ಸಿಕ್ಕಿತು. ನಾಲ್ಕನೆಯದರ ಬಗ್ಗೆ
ಇನ್ನೂ ಒಮ್ಮತವಿಲ್ಲ.

ಮೂರನೆಯ ದಿನ ಬೊಳ್ಳಿ ಸಿಕ್ಕಳು,
ತೋಟದ ಲೈನ್‌ಮನೆಯವಳು, ದಿನವೂ ಇದೇ ದಾರಿ,
ಕಂಕುಳಲ್ಲಿ ಬುತ್ತಿ, ಸೊಂಟಕ್ಕೆ ಕತ್ತಿ.
"ನಿಮ್ಮ ಗಾಡಿ ಸತ್ತಿತಾ ಅಕ್ಕಾ?" ಅಂದಳು. ನಕ್ಕೆ.
"ಅದರ ಕೆಸರು ನನಗೆ ಚೆನ್ನಾಗಿ ಗೊತ್ತು," ಅಂದಳು.
ನಗು ನಿಂತಿತು.
ಪ್ರತಿ ಮಳೆಗಾಲ, ಕಚೇರಿಗೆ ತಡವಾಯಿತೆಂದು,
ಗುಂಡಿಯ ನೀರನ್ನೆಲ್ಲ ನಾನು ಯಾರಿಗೆ ಹಂಚುತ್ತಿದ್ದೆ?
ನಡೆಯಿರಿ ಎಂದು ಬೊಳ್ಳಿಗೆ ಹೇಳುವ ಹಾಗಿಲ್ಲ.
ಅವಳು ನಡೆದದ್ದಕ್ಕೆ ಯಾರೂ ಪದ್ಯ ಬರೆದಿಲ್ಲ.
ಆದ್ದರಿಂದ ಇದು ಗಾಡಿ ಇರುವವರಿಗೆ.

ಕಲಿಸಿದ್ದು ಅವಳೇ:
ಲದ್ದಿಯಿಂದ ಹಬೆ ಏಳುತ್ತಿದ್ದರೆ ನಿಲ್ಲು,
ತಣ್ಣಗಾಗಿದ್ದರೆ ಹೋಗು.
ಬೈನೆ ಮುರಿದ ಸದ್ದಾದರೆ ಬಾಯಿ ಮುಚ್ಚು.
ಸಂಜೆ ಐದೂವರೆಯ ಮೇಲೆ ಒಬ್ಬಳೇ ಬೇಡ.
ಆನೆಯೂ ನಡೆಯುವವರ ಪೈಕಿಯೇ ಅಕ್ಕಾ,
ಅದರ ಸರದಿ ಅದಕ್ಕೆ ಬಿಡು.

ಎರಡನೆಯ ವಾರವೂ ಹಂಝ ಮೈಸೂರು ಎಂದ.
ಕೊಟ್ಟಿಗೆಯಲ್ಲಿ ಮಗಳ ಸೈಕಲ್ಲಿತ್ತು,
ಎಂಟನೇ ಕ್ಲಾಸಿನಲ್ಲಿ ಶಾಲೆಯಿಂದ ಕೊಟ್ಟದ್ದು,
ಕರಿಮೆಣಸಿನ ಚೀಲ ಒಣಹಾಕಲು ಅನುಕೂಲವಾಗಿತ್ತು.
ಹೊಸ ಟ್ಯೂಬು, ಎರಡು ತೊಟ್ಟು ಎಣ್ಣೆ, ನೂರ ಎಂಬತ್ತು ರೂಪಾಯಿ.
ನಲವತ್ತೇಳನೆಯ ವಯಸ್ಸಿನಲ್ಲಿ ಹತ್ತಿದೆ,
ಪಂಚಾಯಿತಿ ಕಚೇರಿಯ ಎದುರೇ ಬಿದ್ದೆ,
ಸಾಕ್ಷಿಗಳು ಬೇಕಾದಷ್ಟಿದ್ದರು.
ಈ ನಾಡಿನಲ್ಲಿ ಸೈಕಲ್ಲಿನದು ಕರಾರು:
ಇಳಿಜಾರಿನಲ್ಲಿ ಅದು ನನ್ನನ್ನು ಹೊರುತ್ತದೆ,
ಏರಿನಲ್ಲಿ ನಾನು ಅದನ್ನು.
ಆದರೆ ಆ ಇಳಿಜಾರು!
ಹೂಮಳೆ ಬಿದ್ದು ಎಂಟು ದಿನ,
ತೋಟವೆಲ್ಲ ಬೆಳ್ಳಗೆ,
ಪೆಡಲು ತುಳಿಯದೆ ಆ ಪರಿಮಳದೊಳಕ್ಕೆ
ಸುಮ್ಮನೆ ಜಾರುವುದು.
ಕಾರಿನ ಗಾಜು ಏರಿಸಿದವರೇ,
ವರ್ಷಕ್ಕೆ ನಾಲ್ಕು ದಿನದ ಈ ಆಸ್ತಿಗೆ
ನೀವೂ ಪಾಲುದಾರರು. ಬಂದು ಸಹಿ ಹಾಕಿ,
ಸ್ಟ್ಯಾಂಪು ಖರ್ಚಿಲ್ಲ.

ನಿನ್ನೆ ಕಾರ್ಬುರೇಟರ್ ಬಂತು.
ಸ್ಕೂಟರು ಕೆಮ್ಮಿ, ಎದ್ದು ನಿಂತಿತು.
ಮಾರುವಷ್ಟು ಸಂತಳಲ್ಲ ನಾನು;
ಗ್ಯಾಸ್ ಸಿಲಿಂಡರಿಗೆ, ನಡುರಾತ್ರಿಯ ಜ್ವರಕ್ಕೆ,
ಕಕ್ಕಡದ ಮಳೆಗೆ ಅದು ಬೇಕು.
ಆದರೆ ಅರ್ಧ ಲೀಟರು ಹಾಲಿಗೆ, ಆರು ಮೊಟ್ಟೆಗೆ,
ಪಕ್ಕದ ಮನೆಯ ಒಂದು ಲೋಟ ಕಾಫಿಗೆ
ಪೆಟ್ರೋಲು ಸುಡಬೇಕೆ?

ಕಾಳಯ್ಯ, ನಿಮ್ಮ ಪೀಂ ಪೀಂ ಕೇಳಿ ಸಾಕಾಗಿದೆ,
ಒಮ್ಮೆ ಮುಖ ತನ್ನಿ.
ಮಾಸ್ಟರೇ, ಆ ನಾಲ್ಕನೆಯ ಅಂಕಿ ಏಳೇ,
ಒಂದೆಂದು ಹಟವಿದ್ದರೆ ಅಲ್ಲೇ ನಿಂತು ವಾದಿಸಿ.
ನಾಳೆ ಆರೂ ಮುಕ್ಕಾಲಿಗೆ
ನಮ್ಮ ಗೇಟಿನ ಹತ್ತಿರ.
ಲದ್ದಿ ಬಿಸಿಯಿದ್ದರೆ
ಏಳೂವರೆಗೆ.